ಶಿರವಾಳದ ಸೂಟಿ

ಮರಿಲಿಂಗಪ್ಪ ಮಾಸ್ತರ ಶಿರವಾಳಕ್ಕೆ ಹೋದದ್ದು ಇಪ್ಪತ್ತೆರಡು ದಿನದ ಮಟ್ಟಿಗೆ. ಅದು ಐವತ್ತೊಂದರ ಏಪ್ರಿಲ್. ಯಾದಗಿರಿಯಲ್ಲಿ ಅವನು ಕಲಿಸುತ್ತಿದ್ದ ಶಾಲೆಗೆ ಬೇಸಿಗೆಯ ಸೂಟಿ ಬಿಟ್ಟಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಚಿಗವ್ವ ಸುಂದ್ರಮ್ಮ ಶಿರವಾಳದಲ್ಲಿದ್ದಳು. ಟ್ರಂಕಿನಲ್ಲಿ ಎರಡು ಪೈಜಾಮ, ಒಂದು ಕನ್ನಡ ವ್ಯಾಕರಣ, ಕಾಪಿ ಬರೆಯುವ ನಾಲ್ಕು ಪುಸ್ತಕ ಇಟ್ಟುಕೊಂಡು ಹೊರಟಿದ್ದ.

ಇಪ್ಪತ್ತಾರು ವರ್ಷದ ಮಾಸ್ತರ ಕಾಪಿ ಬರೆಯಬೇಕಾದದ್ದಕ್ಕೆ ಕಾರಣವಿತ್ತು. ನಿಜಾಮನ ಕಾಲದಲ್ಲಿ ಅವನು ಕಲಿತದ್ದೆಲ್ಲ ಉರ್ದುವಿನಲ್ಲಿ. ಹೈದರಾಬಾದ ಸಂಸ್ಥಾನ ಹಿಂದೂಸ್ತಾನದಲ್ಲಿ ಸೇರಿದ ಮೇಲೆ ಶಾಲೆಗೆ ಕನ್ನಡ ಬಂತು. ಜೂನ್ ತಿಂಗಳ ಪರೀಕ್ಷೆ ಪಾಸು ಮಾಡದವರ ನೌಕರಿ ಉಳಿಯುವುದಿಲ್ಲ ಎಂಬ ಸುದ್ದಿ ಇತ್ತು. ಆಡುವ ಭಾಷೆ ಅವನದೇ. ಬರೆಯಲು ಕೂತರೆ ಮಾತ್ರ ಕೈ ಬಲಗಡೆಯಿಂದ ಹೊರಡುತ್ತಿತ್ತು.

ಸುಂದ್ರಮ್ಮನ ಗುಡಿಸಲಿದ್ದದ್ದು ಊರ ಹೊರಗಿನ ಕೇರಿಯಲ್ಲಿ. ಆ ಕೇರಿಯವರು ಊರ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು, ಯಾರಾದರೂ ಸುರಿಯುವತನಕ ಕೂತಿರಬೇಕು. ಸರಕಾರಿ ಮಾಸ್ತರನಾದ ಮರಿಲಿಂಗಪ್ಪನಿಗೆ ಹಾಗೆ ಕೂರುವುದು ಆಗುತ್ತಿರಲಿಲ್ಲ. ಹೊತ್ತೇರುತ್ತಲೇ ಪುಸ್ತಕ ಹಿಡಿದು ಹಳ್ಳದ ಕಡೆಗೆ ಹೋಗಿಬಿಡುತ್ತಿದ್ದ. ಶಿರವಾಳದ ಹೊಲಗಳ ತುಂಬ ಹಳೆಯ ಗುಡಿಗಳು. ದೇವರೂ ಇಲ್ಲದ, ಬಾಗಿಲೂ ಇಲ್ಲದ ಒಂದು ಗುಡಿಯಲ್ಲಿ ಅವನು ಕಂಬಕ್ಕೆ ಒರಗಿ ಬರೆಯುತ್ತಿದ್ದ. ಅಲ್ಲಿ ಯಾರೂ ಬಂದು ಯಾವ ಮಂದಿ ಎಂದು ಕೇಳುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಆಡುಗಳು ಒಳಗೆ ನುಗ್ಗಿದವು. ಅವುಗಳ ಹಿಂದೆ ಒಬ್ಬ ಹೆಂಗಸು, ತಲೆಯ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನನ್ನು ಕಂಡು ಹೆದರಲಿಲ್ಲ. ಬಂದು ಪುಸ್ತಕದೊಳಗೆ ಇಣುಕಿದಳು.

"ನೀ ಸುಂದ್ರಮ್ಮನ ಮಾಸ್ತರ ಅಲ್ಲೇನು? ಏನು ಬರಿಯಾಕತ್ತೀದಿ?"

"ಅಕ್ಷರ."

"ಮಾಸ್ತರ ಆಗಿ ಇನ್ನಾ ಅಕ್ಷರ ಕಲಿಯಾಕತ್ತೀದಿ," ಎಂದು ನಕ್ಕಳು. ಅವನಿಗೆ ಸಿಟ್ಟು ಬಂತು. ಆದರೆ ಮರುದಿನ ತೊಳೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ.

ಅವಳು ಅಯ್ಯಮ್ಮ, ಕುರಿ ಸಾಕುವ ಮನೆತನದ ಸೊಸೆ. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವರ್ಷ. ಅವಳ ಗಂಡ ಬಸವಣ್ಣ ನಲವತ್ತೆಂಟರ ಮಳೆಗಾಲದಲ್ಲಿ, ಎಲ್ಲ ಕಡೆ ಗದ್ದಲವಿದ್ದಾಗ, ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆಗೆ ಹೋದವನು ತಿರುಗಿ ಬರಲಿಲ್ಲ. ಹನ್ನೊಂದು ಕುರಿ, ಒಂದು ನಾಯಿ ಮಾತ್ರ ಬಂದವು. ಕೊಂದರೋ, ಕೊಂದರೆ ಯಾರು ಕೊಂದರೋ, ಹೊಳೆ ಪಾಲಾದನೋ ಯಾರಿಗೂ ತಿಳಿಯಲಿಲ್ಲ. ಮಗ ಬರುತ್ತಾನೆಂದು ಅತ್ತೆ ಗುರುಲಿಂಗಮ್ಮ ಸೊಸೆಯ ತಾಳಿ ತೆಗೆಯಗೊಡಲಿಲ್ಲ. ಮೈದುನ ಬಾಲಪ್ಪ ಹಿಂಡು ನೋಡಿಕೊಳ್ಳುತ್ತಿದ್ದ. ರೇಣಮ್ಮ ಎಂಬ ನಾಲ್ಕು ವರ್ಷದ ಮಗಳು ಅಜ್ಜಿಯ ಮಗ್ಗುಲಲ್ಲೇ ಬೆಳೆಯುತ್ತಿದ್ದಳು.

"ಗಂಡ ಸತ್ತ ದುಃಖಾನೂ ಇಲ್ಲ, ಅದಾನ ಅನ್ನೋ ಆಸೀನೂ ಇಲ್ಲ," ಎಂದು ಅಯ್ಯಮ್ಮ ಒಂದು ಮಧ್ಯಾಹ್ನ ಹೇಳಿದಳು. "ನಡುವ ಕುಂತೀನಿ."

ಮೊದಲು ಅವಳು ತನ್ನ ಕೊಡದಿಂದ ಅವನ ಬೊಗಸೆಗೆ ಮೇಲಿಂದ ನೀರು ಸುರಿಯುತ್ತಿದ್ದಳು, ಊರಿನ ರೀತಿಯಂತೆ. ಐದನೆಯ ದಿನ ಕೊಡವನ್ನೇ ಅವನ ಮುಂದೆ ಇಟ್ಟಳು.

"ಎತ್ತಿ ಕುಡಿ."

"ಯಾರರೆ ನೋಡಿದ್ರ?"

"ಆಡು ನೋಡ್ತಾವ."

ಎಂಟನೆಯ ದಿನಕ್ಕೆ ಆಗಬಾರದ್ದು ಆಯಿತು ಎಂದು ಊರು ಆಮೇಲೆ ಹೇಳಿತು. ಅವರಿಬ್ಬರಿಗೆ ಆಗ ಅದು ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಸೀರೆಯ ಹುಲ್ಲು ಕೊಡವಿಕೊಳ್ಳುತ್ತ ಅವಳು ಕೇಳಿದಳು: "ನಿನ್ನ ಸೂಟಿ ಇನ್ನಾ ಎಷ್ಟು ದಿನ ಅದ?"

"ಹದಿನಾಲ್ಕು."

"ಆತು. ಹದಿನೈದನೇ ದಿನ ನೀ ಯಾರೋ, ನಾ ಯಾರೋ."

ಅವನಿಗೆ ಹಗುರವೆನಿಸಿತು. ಸುರಪುರದಲ್ಲಿ ಚಿಗವ್ವ ಅವನಿಗೊಂದು ಹೆಣ್ಣು ನೋಡಿದ್ದಳು. ಈ ಕಥೆ ಇಲ್ಲೇ ಮುಗಿಯುವುದು ಇಬ್ಬರಿಗೂ ಒಳ್ಳೆಯದಾಗಿತ್ತು. ಆ ಹದಿನಾಲ್ಕು ದಿನ ಅವರು ಬಹಳ ನಕ್ಕರು. ನಾಳೆಯ ಮಾತು ಒಬ್ಬರೂ ಎತ್ತಲಿಲ್ಲ. ಕೊನೆಯ ದಿನ ಅವಳು ಬರಲೇ ಇಲ್ಲ. ಹೊತ್ತು ಇಳಿಯುವತನಕ ಕೂತು ಅವನು ಎದ್ದು ಬಂದ. ಮರುದಿನ ಶಹಾಪುರಕ್ಕೆ ನಡೆದು ಯಾದಗಿರಿಯ ಮೋಟಾರು ಹತ್ತಿದ.

ಯಾದಗಿರಿಯಲ್ಲಿ ಅವನು ಸ್ಟೇಶನ್ನಿನ ಹತ್ತಿರ ಒಂದು ಖೋಲಿಯಲ್ಲಿದ್ದ. ಜೊತೆಗೆ ಅಮೀನುದ್ದೀನ ಎಂಬ ಉರ್ದು ಮಾಸ್ತರ, ಐವತ್ತು ದಾಟಿದ ಒಂಟಿ ಮನುಷ್ಯ. ಶಿರವಾಳದ ವಿಷಯವನ್ನು ಅವನಿಗೆ ಹೇಗೆ ರಂಗು ಕಟ್ಟಿ ಹೇಳಬೇಕೆಂದು ಮರಿಲಿಂಗಪ್ಪ ಮೋಟಾರಿನಲ್ಲಿ ಕೂತೇ ಜೋಡಿಸಿಕೊಂಡಿದ್ದ.

"ಸೂಟಿ ಹೆಂಗಿತ್ತಪಾ?" ಅಂದ ಅಮೀನುದ್ದೀನ.

"ಒಬ್ಬಾಕಿ ಇದ್ದಳು," ಎಂದು ಶುರು ಮಾಡಿದ. ಆದರೆ ಯಾವ ಮಾತು ತಂದರೂ ಅದು ಹೊಲಸಾಗುತ್ತಿತ್ತು. "ಛಲೋ ಇತ್ತು," ಎಂದು ಹೇಳಿ ಮುಖ ತೊಳೆಯಲು ಹೊರಗೆ ಹೋದ. 

ಪರೀಕ್ಷೆ ಪಾಸಾಯಿತು. ಜುಲೈಯಲ್ಲಿ ಅವನು ಶಾಲೆಯವರಿಗೆಲ್ಲ ಪೇಢೆ ಹಂಚಿದ.

ಮುಂದಿನ ವರ್ಷ, ಚಳಿ ಹಿಂದೆ ಸರಿಯುವ ಹೊತ್ತಿಗೆ, ದೇಶದ ಮೊದಲ ಚುನಾವಣೆ ಬಂತು. ಮಾಸ್ತರರನ್ನೆಲ್ಲ ಮತಗಟ್ಟೆಗೆ ಹಾಕಿದರು. ಮರಿಲಿಂಗಪ್ಪನಿಗೆ ಶಿರವಾಳ ಬಿತ್ತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಚಾವಡಿಯಲ್ಲಿ ಅವನ ಕೆಲಸ ಮತ ಹಾಕುವವರ ಬೆರಳಿಗೆ ಶಾಯಿ ಹಚ್ಚುವುದು. ಕೇರಿಯವನು ಹೆಂಗಸರ ಕೈ ಮುಟ್ಟುತ್ತಾನೆಂದು ಊರ ಇಬ್ಬರು ಹಿರಿಯರು ತಕರಾರು ಮಾಡಿದರು. ಹೊರಗಿನಿಂದ ಬಂದಿದ್ದ ಅಧಿಕಾರಿ, ಈಗ ಕಾನೂನು ಬೇರೆ ಇದೆ ಎಂದ. ಹಿರಿಯರು ಎದ್ದು ಹೋಗಲಿಲ್ಲ. ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

ಹೆಂಗಸರ ಸಾಲಿನಲ್ಲಿ ಅತ್ತೆಯ ಮುಂದೆ ಅಯ್ಯಮ್ಮ ನಿಂತಿದ್ದಳು. ಅವಳು ಅರ್ಧಕ್ಕೆ ಇಳಿದಿದ್ದಳು. ಅಧಿಕಾರಿ ಹೆಸರು ಕೇಳಿದ, ಹೇಳಿದಳು. ಗಂಡನ ಹೆಸರು ಕೇಳಿದ. ಉಳಿದ ಹೆಂಗಸರೆಲ್ಲ ಪಕ್ಕದವಳ ಕಡೆ ನೋಡಿ, ಅವಳಿಂದ ಹೇಳಿಸುತ್ತಿದ್ದರು. ಅಯ್ಯಮ್ಮ ತಾನೇ ಹೇಳಿದಳು.

"ಬಸವಣ್ಣ. ಸತ್ತಾನ."

ಹಿಂದೆ ನಿಂತಿದ್ದ ಗುರುಲಿಂಗಮ್ಮ ಗೋಡೆ ಹಿಡಿದುಕೊಂಡಳು. ಮೂರೂವರೆ ವರ್ಷದಲ್ಲಿ ಆ ಮನೆಯ ಯಾರ ಬಾಯಲ್ಲೂ ಬರದ ಮಾತು ಅದು.

ಅಯ್ಯಮ್ಮ ಮುಂದೆ ಬಂದು ಎಡಗೈ ಚಾಚಿದಳು. ಮರಿಲಿಂಗಪ್ಪ ಬೆರಳು ಹಿಡಿದ. ಶಾಯಿಯ ಕಡ್ಡಿ ಎತ್ತುವುದನ್ನು ಮರೆತ, ಶಾಯಿ ಬೆರಳಿನ ನಡುಗಂಟಿನತನಕ ಹರಿಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಸಣ್ಣಾಗೀದಿ," ಅಂದಳು, ಅವನಿಗೆ ಮಾತ್ರ ಕೇಳುವಷ್ಟು. ಆಮೇಲೆ ಚೀಟಿ ಹಿಡಿದು ಪರದೆಯ ಹಿಂದೆ ಹೋದಳು.

ಸಂಜೆ ಮತಪೆಟ್ಟಿಗೆಯ ಬಂಡಿಯಲ್ಲಿ ಕೂತು ಹೋಗುವಾಗ ಅವನಿಗೆ ತನ್ನ ಸೂಟಿ ಮುಗಿದಿಲ್ಲ ಎಂಬುದು ತಿಳಿಯಿತು. ಸುರಪುರದ ಹೆಣ್ಣು ಬೇಡವೆಂದು ಚಿಗವ್ವನಿಗೆ ಹೇಳಿ ಕಳಿಸಿದ. ಯಾಕೆಂದು ಹೇಳಲಿಲ್ಲ. ಸುಂದ್ರಮ್ಮ ಆ ದಿನ ಚಾವಡಿಯ ಮುಂದೆ ನಿಂತು ಎಲ್ಲ ನೋಡಿದ್ದಳು.

ಏಪ್ರಿಲ್ ಕೊನೆಗೆ ಅವನ ಬಲಗಾಲಿನ ಹರಡಿನ ಮೇಲೆ ಒಂದು ಬೊಬ್ಬೆ ಎದ್ದಿತು. ಬೆಂಕಿ ಇಟ್ಟ ಹಾಗೆ ಉರಿ. ತಣ್ಣೀರಿನಲ್ಲಿ ಕಾಲಿಟ್ಟಾಗ ಬೊಬ್ಬೆ ಒಡೆದು ಬಿಳಿ ದಾರದಂಥ ಹುಳ ಹೊರಗೆ ಇಣುಕಿತು. ನಾರುಹುಣ್ಣು. ಕೆಟ್ಟ ಬಾವಿಯ ನೀರು ಕುಡಿದ ಒಂದು ವರ್ಷದ ಮೇಲೆ ಏಳುವ ರೋಗ. ಆ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಅರ್ಧ ಮಂದಿ ಕುಂಟುತ್ತಿದ್ದರು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡ್ಡಿಗೆ ಸುತ್ತಿ ತೆಗೆಯಬೇಕು ಎಂಬುದು ಗೊತ್ತಿದ್ದರೂ, ನೋವು ತಾಳದೆ ಅವನು ಹುಳವನ್ನು ಜಗ್ಗಿದ. ಅದು ಒಳಗೇ ತುಂಡಾಯಿತು. ಎರಡು ದಿನದಲ್ಲಿ ಕಾಲು ಮೊಳಕಾಲಿನತನಕ ಬಾತು ಕೀವು ತುಂಬಿತು. ಜ್ವರ ಬಿಡಲಿಲ್ಲ. ಮೊಳಕಾಲಿನ ಹಿಂದೆ ಮತ್ತೊಂದು ಬೊಬ್ಬೆ ಎದ್ದಿತು.

ಸುಂದ್ರಮ್ಮ ಬಂದು ಎಂಟು ದಿನ ಇದ್ದಳು. ಕೂಲಿ ಬಿಟ್ಟು ಹೆಚ್ಚು ದಿನ ಇರಲು ಅವಳಿಂದಾಗುತ್ತಿರಲಿಲ್ಲ. ಊರಿಗೆ ಹೋಗಿ ಬಾವಿಯ ದಂಡೆಯ ಮೇಲೆ ಕೊಡ ಇಟ್ಟುಕೊಂಡು ಕೂತಾಗ, ಪಕ್ಕದವರಿಗೆ ಹೇಳಿ ಅತ್ತಳು: ಮಾಸ್ತರನ ಕಾಲು ಕೊಳೆಯುತ್ತಿದೆ, ಕಾಲು ಉಳಿದರೆ ಜೀವ ಉಳಿದ ಹಾಗೆ. ಅವಳ ಕೊಡಕ್ಕೆ ನೀರು ಸುರಿಯುತ್ತಿದ್ದವಳು ಅಯ್ಯಮ್ಮ. 

ಮೂರನೆಯ ದಿನ ಮಧ್ಯಾಹ್ನ ಅವಳು ಯಾದಗಿರಿಯ ಖೋಲಿಯ ಬಾಗಿಲಲ್ಲಿ ನಿಂತಿದ್ದಳು. ಶಹಾಪುರದ ಸಂತೆಗೆ ಹೋಗಿಬರುತ್ತೇನೆಂದು ಅತ್ತೆಗೆ ಹೇಳಿ, ಮಗಳನ್ನು ಅವಳ ಹತ್ತಿರ ಬಿಟ್ಟು ಬಂದಿದ್ದಳು. ಬಾಗಿಲು ತೆಗೆದ ಅಮೀನುದ್ದೀನ ಅವಳನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ದಿನದಿಂದ ಅವನು ನಮಾಜಿಗೆ ಹೋಗುತ್ತಿದ್ದ ಮಸೀದಿಯ ಪಡಸಾಲೆಯಲ್ಲೇ ಮಲಗಿದ.

ಒಳಗೆ ಹುಣ್ಣಿನ ನಾತ. ಮರಿಲಿಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅಯ್ಯಮ್ಮ ಅರಿವೆ ಸರಿಸಿ ಕಾಲು ನೋಡಿದಳು.

"ಜಗ್ಗೀದಿ. ಯಾರು ಹೇಳಿದ್ರು ನಿನಗ ಜಗ್ಗಂತ?"

"ನೀ ಯಾಕ ಬಂದಿ?"

"ಆ ಬಾವಿ ನೀರು ಕುಡಿಸಿದಾಕಿ ನಾನ ಅಲ್ಲೇನು," ಎಂದು ಸೆರಗು ಕಟ್ಟಿ ಒಲೆ ಹಚ್ಚಿದಳು.

ಎರಡು ದಿನ ಇದ್ದು ಹೋಗುವುದು ಅವಳ ಎಣಿಕೆ. ಆದರೆ ಎರಡನೆಯ ಹುಳ ತಲೆ ಹೊರಹಾಕಿತ್ತು. ಅವಳು ಬೇವಿನ ಕಡ್ಡಿ ಸೀಳಿ, ಹುಳದ ತುದಿಯನ್ನು ಸಿಕ್ಕಿಸಿ, ದಿನಕ್ಕೆ ಒಂದು ಬಟ್ಟು, ಒಂದು ಬೆರಳಿನ ಅಗಲ ಮಾತ್ರ, ಸುತ್ತುತ್ತಿದ್ದಳು. ಬಿಗಿಯಾದರೆ ಅಲ್ಲಿಗೇ ಬಿಟ್ಟು, ಬಿಸಿನೀರಿನ ಅರಿವೆ ಇಟ್ಟು, ಮರುದಿನ ಮತ್ತೆ. ಹರಿದ ಹುಳದ ಜಾಗದಿಂದ ಕೀವು ಹಿಂಡಿ ತೆಗೆಯುವಾಗ ಅವನು ಅರಿವೆ ಕಚ್ಚಿಕೊಂಡು ಒರಲುತ್ತಿದ್ದ. ಅವನ ಮಲಮೂತ್ರವನ್ನೂ ಅವಳೇ ಎತ್ತಿದಳು. ಗುಡಿಯ ನೆರಳಿನಲ್ಲಿ ಅವನು ಅವಳಿಗೆ ತೋರಿಸಿದ್ದು ತೊಳೆದ ಅಂಗಿ, ಪಟ್ಟಣದ ಮಾತು. ಈಗ ತೋರಿಸಲು ಏನೂ ಉಳಿದಿರಲಿಲ್ಲ.

"ಹೋಗು ಅಯ್ಯಮ್ಮ. ಮಗಳು ಅದಾಳ ನಿನಗ," ಎಂದು ಅವನು ದಿನಾ ಹೇಳುತ್ತಿದ್ದ.

"ನಾಳಿ ಹೋಗ್ತೀನಿ," ಎಂದು ಅವಳೂ ದಿನಾ ಹೇಳುತ್ತಿದ್ದಳು.

ಹದಿಮೂರನೆಯ ದಿನ ಜ್ವರ ಇಳಿಯಿತು. ಅವನು ಗೋಡೆಗೆ ಒರಗಿ ಕೂತು ಗಂಜಿ ಕುಡಿದ. ಅವಳು ಬಟ್ಟಲು ತೆಗೆದುಕೊಂಡು, ಹೊಸ್ತಿಲ ಮೇಲೆ ಕೂತು, ಹೊರಗೆ ನೋಡುತ್ತ ಹೇಳಿದಳು.

"ನಿನಗ ಹೇಳಬಾರದಂತ ಇದ್ದೆ. ಹೋದ ವರ್ಷ ನೀ ಹೋದ ಮ್ಯಾಲ ಎರಡು ತಿಂಗಳಿಗೆ ಗೊತ್ತಾತು, ಹೊಟ್ಟ್ಯಾಗ ಅದ ಅಂತ. ಒಬ್ಬ ಮುದುಕಿ ಬೇರು ಕೊಟ್ಟಳು. ಮೂರು ದಿನ ಕುರಿ ಹಟ್ಟ್ಯಾಗ ಬಿದ್ದಿದ್ದೆ. ಜ್ವರ ಅಂತ ಹೇಳಿದೆ ಮನ್ಯಾಗ."

ಅವನು ಗೋಡೆ ಬಿಟ್ಟು ಮುಂದಕ್ಕೆ ಸರಿದ.

"ಯಾವ ತಿಂಗಳು?"

"ಆಷಾಢ."

"ನಾ ಆಗ ಇಲ್ಲಿ ಪೇಢೆ ಹಂಚಾಕತ್ತಿದ್ದೆ," ಅಂದ.

ಅಯ್ಯಮ್ಮ ತಿರುಗಿ ನೋಡಿದಳು. ಅವನು ಅಳುತ್ತಿದ್ದ, ಬಾಯಿ ತೆರೆದು, ಮಕ್ಕಳು ಅಳುವ ಹಾಗೆ. ಅವಳು ಎದ್ದು ಬಂದು ಅವನ ಮಗ್ಗುಲಲ್ಲಿ ಕೂತಳು.  ಸಂಜೆಯತನಕ ಇಬ್ಬರೂ ಹಾಗೇ ಕೂತಿದ್ದರು. ಆ ದಿನದ ಮೇಲೆ ಅವನು ಹೋಗು ಅನ್ನಲಿಲ್ಲ, ಅವಳೂ ನಾಳೆ ಹೋಗುತ್ತೇನೆ ಅನ್ನಲಿಲ್ಲ.

ಇಪ್ಪತ್ತನೆಯ ದಿನ ಬಾಲಪ್ಪ ಬಂದ. ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತ. ಕೆಟ್ಟ ಮನುಷ್ಯನಲ್ಲ. ಅತ್ತಿಗೆಯ ಮುಖ ನೋಡಲಾಗದೆ ನೆಲ ನೋಡುತ್ತ ಮಾತಾಡಿದ.

"ಅತ್ತಿಗಿ, ಹಿರ್ಯಾರು ಕುಂತು ಮಾತಾಡ್ಯಾರ. ಈಗ ಬಂದಿ ಅಂದ್ರ ನಾಲಿಗಿ ಸುಟ್ಟು ಕುಲದಾಗ ತಗೋತಾರ. ಬರಲಿಲ್ಲ ಅಂದ್ರ ನೀ ಸತ್ತೆ ಅಂತ ರೇಣಮ್ಮಗ ಹೇಳ್ರಿ ಅಂದಾರ."

ಅಯ್ಯಮ್ಮ ಹೊಸ್ತಿಲ ಮೇಲೆ ಬಂದು ನಿಂತಳು.

"ಕೇರಿಯವರಿಗೆ ಯಾರೂ ನೀರು ಹಾಕವಲ್ರು. ಹನ್ನೆರಡು ದಿನ ಆತು. ಹಳ್ಳದಾಗ ಒರತಿ ತೋಡಿ ಕುಡಿಯಾಕತ್ತಾರ. ಸುಂದ್ರಮ್ಮಗ ಊರು ಬಿಡು ಅಂದಾರ. ನಾ ಬ್ಯಾಡ ಅಂದೆ, ಕೇಳಲಿಲ್ಲ."

"ಇನ್ನಾ ಮೂರು ಬಟ್ಟು ಅದ," ಅಂದಳು ಅಯ್ಯಮ್ಮ. "ಅದು ಹೊರಗ ಬರಲಿ. ಬರ್ತೀನಿ ಅಂತ ಹೇಳು."

ಬಾಲಪ್ಪನಿಗೆ ಅದು ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದ.

ನಾಲ್ಕನೆಯ ದಿನ ಬೆಳಿಗ್ಗೆ ಹುಳದ ಬಾಲ ಹೊರಗೆ ಬಂತು. ಅಯ್ಯಮ್ಮ ಕಡ್ಡಿಯನ್ನು ಒಲೆಗೆ ಹಾಕಿ, ಕಾಲು ತೊಳೆದು ಕಟ್ಟಿ, ಅಮೀನುದ್ದೀನನನ್ನು ಕರೆದು, ಗಂಜಿ ಹೇಗೆ ಕಾಸಬೇಕೆಂದು ತೋರಿಸಿದಳು.

"ಮಗಳನ್ನ ಕರಕೊಂಡು ಬರ್ತೀನಿ," ಎಂದು ಮರಿಲಿಂಗಪ್ಪನಿಗೆ ಹೇಳಿದಳು. "ಅವರು ಏನು ಮಾಡು ಅಂದ್ರೂ ಮಾಡಿ ಕರಕೊಂಡು ಬರ್ತೀನಿ."

ಅವನಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

ಒಂಬತ್ತು ದಿನದ ಮೇಲೆ ಅವಳು ಒಬ್ಬಳೇ ಬಂದಳು. ಮುಖ ಊದಿತ್ತು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು, ಮಾತು ಬರುತ್ತಿರಲಿಲ್ಲ. ನಡೆದದ್ದನ್ನು ಅವಳ ಹಿಂದೆಯೇ ಗಂಟು ಹೊತ್ತು ಬಂದ ಸುಂದ್ರಮ್ಮ ಹೇಳಿದಳು. ಹೋದ ದಿನವೇ ಮಗಳನ್ನು ಬೇರೆ ಊರಿನ ನೆಂಟರ ಮನೆಗೆ ಸಾಗಿಸಿದ್ದರು. ಅಯ್ಯಮ್ಮ ಹಟ್ಟಿಯ ಮುಂದೆ ಬಿಸಿಲಲ್ಲಿ ಎರಡು ದಿನ ಕೂತಳು. ನಾಲಿಗೆ ಸುಡಿಸಿಕೊಂಡರೆ ಮಗಳು ಸಿಗುತ್ತಾಳೆ ಅಂದರು, ಬಾಯಿ ತೆರೆದಳು. ಬಿಸಿ ಸೂಜಿ ಸುಮ್ಮನೆ ತಾಗಿಸಿ ತೆಗೆಯುವುದು ರೂಢಿ. ಸೂಜಿ ಹಿಡಿದವನು ತೆಗೆಯದೆ ಅಲ್ಲೇ ಒತ್ತಿ ಹಿಡಿದ. ಅದಾದ ಮೇಲೆ ಹಿರಿಯರು ಇನ್ನೊಂದು ಮಾತು ತೆಗೆದರು: ಬಾಲಪ್ಪನ ಹೆಸರಿನಲ್ಲಿ ಉಡಕಿಯ ಸೀರೆ ಉಟ್ಟು, ಅವನ ಹೆಂಡತಿಯಾಗಿ ಮನೆಯಲ್ಲಿ ಇರಬೇಕು, ಆಗ ಮಗಳು. ಬಾಯಿ ಸುಟ್ಟಿದ್ದ ಅಯ್ಯಮ್ಮ ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಎದ್ದು ಶಹಾಪುರದ ದಾರಿ ಹಿಡಿದಳು.

"ಹ್ಞೂಂ ಅಂದಿದ್ರ ಮಗಳು ಸಿಗ್ತಿದ್ದಳು," ಅಂದಳು ಸುಂದ್ರಮ್ಮ. ಆಮೇಲೆ ಮರಿಲಿಂಗಪ್ಪನ ಕಡೆ ತಿರುಗಿದಳು. "ನಿಮ್ಮ ಸುಖಕ್ಕ ಕೇರಿ ತುಂಬ ಮಂದಿ ರಾಡಿ ನೀರು ಕುಡದಾರ. ಹಸುಗೂಸು ಇದ್ದ ಮನಿ ಅದಾವ ಅಲ್ಲಿ. ಅದನ್ನೂ ನೆನಪಿಟ್ಟುಕೋ."

ಅವನು ನೆನಪಿಟ್ಟುಕೊಂಡ. ಸುಂದ್ರಮ್ಮ ಊರು ಬಿಟ್ಟ ದಿನವೇ ಬಾವಿಯ ನೀರು ಮತ್ತೆ ಸುರಿಯತೊಡಗಿದರು ಎಂದು ಆಮೇಲೆ ತಿಳಿಯಿತು. ಮಾಸ್ತರನ ನಡತೆ ಸರಿಯಿಲ್ಲವೆಂದು ಅರ್ಜಿಗಳು ಹೋಗಿದ್ದವು. ಮಳೆಗಾಲಕ್ಕೆ ಅವನಿಗೆ ಸುರಪುರಕ್ಕೆ ವರ್ಗವಾಯಿತು. ಮೂವರೂ ಅಲ್ಲಿಗೆ ಹೋದರು. ಅಲ್ಲಿಂದ ಒಂದು ದಿನ ತಿಂಥಣಿಗೆ ಹೋಗಿ, ಮೌನೇಶ್ವರನ ಗುಡಿಯ ಮುಂದೆ ಮರಿಲಿಂಗಪ್ಪ, ಅಯ್ಯಮ್ಮ ಮಾಲೆ ಹಾಕಿಕೊಂಡರು. ಹಿಂದೂಗಳೂ ಮುಸಲ್ಮಾನರೂ ಬಂದು ಹೋಗುವ ಆ ಗುಡಿಯಲ್ಲಿ ಅವರ ಕುಲ ಕೇಳುವವರಿರಲಿಲ್ಲ. ಅದಕ್ಕೂ ಮೊದಲು ಅವಳು ಹಳೆಯ ತಾಳಿಯನ್ನು ಬಿಚ್ಚಿ ಕೃಷ್ಣೆಯಲ್ಲಿ ಬಿಟ್ಟಳು. ಬಸವಣ್ಣ ಹೋದದ್ದು ಆ ಹೊಳೆಯ ಕಡೆಗೇ.

ಅವನ ಮೊಳಕಾಲು ಮತ್ತೆ ಮಡಚಲು ಬರಲಿಲ್ಲ. ಕೋಲು ಹಿಡಿದು ಶಾಲೆಗೆ ಹೋಗುತ್ತಿದ್ದ. ಅವಳ ನಾಲಿಗೆಯ ತುದಿ ಸತ್ತು, ಮಾತು ದಪ್ಪವಾಗಿ ಉಳಿಯಿತು. ಬಜಾರದಲ್ಲಿ ಬೆರಳು ತೋರಿಸಿಯೇ ಸಾಮಾನು ತರುತ್ತಿದ್ದಳು. ಮನೆಯಲ್ಲಿ ಮಾತ್ರ ಮಾತಾಡುತ್ತಿದ್ದಳು, ಅವನೊಂದಿಗೆ, ಬಹಳ ಮಾತಾಡುತ್ತಿದ್ದಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಕೆಲವು ದಿನ ಅವಳು ಬೆಳಿಗ್ಗೆ ಎದ್ದು ಗೋಡೆ ನೋಡುತ್ತ ಕೂತರೆ ಅವನು ಶಾಲೆಗೆ ಹೋಗುವತನಕ ಅಲ್ಲಾಡುತ್ತಿರಲಿಲ್ಲ. ಅಂಥ ದಿನ ಅವನು ಏನೂ ಕೇಳದೆ ತಾನೇ ನೀರು ತಂದು, ಅವಳ ತಲೆ ಬಾಚಿ, ಜಡೆ ಹಾಕಿ ಹೋಗುತ್ತಿದ್ದ. ಗಂಡಸು ಹೆಂಡತಿಯ ಜಡೆ ಹಾಕುವುದನ್ನು ನೋಡಿ ಓಣಿಯವರು ನಗುತ್ತಿದ್ದರು.

ಐವತ್ತಾರರ ನವೆಂಬರಿನಲ್ಲಿ ಆ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯ ಮಕ್ಕಳನ್ನು ಸಾಲು ನಿಲ್ಲಿಸಿ ಸುರಪುರದ ಬೀದಿಯಲ್ಲಿ ಮೆರವಣಿಗೆ ತೆಗೆದರು. ಮರಿಲಿಂಗಪ್ಪ ಕೋಲೂರಿಕೊಂಡು ಹಿಂದೆ ನಡೆದ. ಅದಾಗಿ ವಾರಕ್ಕೆ, ಗುಡ್ಡದ ಕೆಳಗಿನ ಹೊಲದಲ್ಲಿ ಶಿರವಾಳದ ಕುರಿಗಳು ಇಳಿದಿವೆ, ಹೊಳೆಯ ಕಡೆಗೆ ಹೊರಟಿವೆ ಎಂದು ಸುಂದ್ರಮ್ಮ ಸುದ್ದಿ ತಂದಳು. ಬಾಲಪ್ಪನ ಹಿಂಡು. ಮುದುಕಿಯೂ ಇದ್ದಾಳೆ, ಹುಡುಗಿಯೂ ಇದ್ದಾಳೆ.

ಅಯ್ಯಮ್ಮ ಹಿಟ್ಟಿನ ಕೈ ಒರೆಸಿಕೊಂಡು ಹೊರಟಳು. ಮರಿಲಿಂಗಪ್ಪ ರಸ್ತೆಯ ತನಕ ಬಂದು ಅಲ್ಲೇ ಒಂದು ಕಲ್ಲಿನ ಮೇಲೆ ಕೂತ.

ಬಾಲಪ್ಪ ಊರೊಳಗೆ ಹೋಗಿದ್ದ. ಕಂಬಳಿಯ ಮೇಲೆ ಗುರುಲಿಂಗಮ್ಮ ಕೂತಿದ್ದಳು, ಎರಡೂ ಕಣ್ಣಿನಲ್ಲಿ ಪೊರೆ. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ ಮರಿಯ ಬಾಯಿಗೆ ಸೊಪ್ಪು ಹಿಡಿದಿದ್ದಳು. ಅಯ್ಯಮ್ಮನಿಗೆ ತಡೆಯಲಾಗಲಿಲ್ಲ.

"ಲೇಣಮ್ಮ," ಎಂದು ಕರೆದಳು. ರಕಾರ ಅವಳ ನಾಲಿಗೆಗೆ ಬರುತ್ತಿರಲಿಲ್ಲ.

ಹುಡುಗಿ ತನ್ನ ಹೆಸರೆಂದು ತಿಳಿಯದೆ ಸುಮ್ಮನೆ ನೋಡಿದಳು. ಗುರುಲಿಂಗಮ್ಮ ತಲೆ ಎತ್ತಿದಳು. ದನಿ ಕೆಟ್ಟಿದ್ದರೂ ಅವಳಿಗೆ ಗುರುತು ಹತ್ತಿತು. ಎರಡು ಗಳಿಗೆ ಅವಳ ದವಡೆ ಅಲ್ಲಾಡುತ್ತಿತ್ತು.

"ಯಾರವ್ವ ಈಕಿ?" ಎಂದಳು ಹುಡುಗಿ.

"ಪರಿಚಯದಾಕಿ," ಅಂದಳು ಮುದುಕಿ. "ಕುಂದ್ರಲಿ ಬಿಡು."

ಹುಡುಗಿಯ ಕೂದಲಲ್ಲಿ ಹುಲ್ಲಿನ ಮುಳ್ಳುಕಾಯಿ ಸಿಕ್ಕಿಕೊಂಡು ಗಂಟಾಗಿದ್ದವು. ಅಯ್ಯಮ್ಮ ಕೈಸನ್ನೆಯಲ್ಲಿ ಕೇಳಿದಳು, ಬಿಡಿಸಲೇನು ಎಂದು. ಹುಡುಗಿ ಅಜ್ಜಿಯ ಮುಖ ನೋಡಿ, ಬಂದು ಬೆನ್ನು ಹಾಕಿ ಕೂತಳು. ಅಯ್ಯಮ್ಮ ಒಂದೊಂದೇ ಎಳೆ ಹಿಡಿದು, ನೋವಾಗದ ಹಾಗೆ, ಎಲ್ಲ ಬಿಡಿಸಿದಳು. ಬಿಡಿಸಿದ್ದನ್ನು ಮತ್ತೆ ಬೆರಳಿನಿಂದ ಬಾಚಿದಳು. ಹುಡುಗಿಗೆ ತೂಕಡಿಕೆ ಬಂದು ಅವಳ ಮೊಳಕಾಲಿಗೆ ಒರಗಿದಳು.

"ಬಾಲಪ್ಪ ಬರೋ ಹೊತ್ತಾತು. ಏಳು," ಅಂದಳು ಗುರುಲಿಂಗಮ್ಮ. ಅಯ್ಯಮ್ಮ ಏಳುವಾಗ ಮತ್ತೆ ಅಂದಳು: "ಬರ್ತಾನ, ಬರ್ತಾನ ಅಂತ ದಾರಿ ನೋಡಿ ನನ್ನ ಕಣ್ಣು ಹೋದ್ವು. ನೀ ನನ್ನ ಜೋಡಿ ಕುಂದ್ರಲಿಲ್ಲ. ಆ ಸಿಟ್ಟು ನನಗ ಸಾಯೋತನ ಹೋಗಂಗಿಲ್ಲ."

ಅಯ್ಯಮ್ಮ ಬಗ್ಗಿ ಅವಳ ಕಾಲು ಮುಟ್ಟಿದಳು. ಮುದುಕಿ ಕಾಲು ಹಿಂದೆ ಎಳೆದುಕೊಳ್ಳಲಿಲ್ಲ, ಹರಸಲೂ ಇಲ್ಲ.

ರಸ್ತೆಗೆ ಬಂದಾಗ ಮರಿಲಿಂಗಪ್ಪ ಎದ್ದು ನಿಂತ. ಇಬ್ಬರೂ ಊರ ಏರಿನ ಕಡೆಗೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವನು ಹೇಳಿದ.

"ಆ ವರ್ಷ ನಾ ಶಿರವಾಳಕ್ಕ ಬರಬಾರದಿತ್ತು."

"ಬರಬಾರದಿತ್ತು," ಅಂದಳು ಅವಳು. ರಕಾರವಿಲ್ಲದ ಆ ಮಾತು ಅವನಿಗೆ ತಿಳಿಯಿತು, ಅದರಲ್ಲಿ ಸಿಟ್ಟಿರಲಿಲ್ಲ. ಹತ್ತು ಹೆಜ್ಜೆಯ ಮೇಲೆ ಮತ್ತೆ ಹೇಳಿದಳು: "ಬಂದಿ. ಆ ದಿನ ಹಿರ್ಯಾರ ಮುಂದ ಹ್ಞೂಂ ಅಂದಿದ್ರ ಮಗಳ ಜೋಡಿ ಇರ್ತಿದ್ದೆ ಅಂತ ದಿನಾ ಅಂದುಕೋತೀನಿ. ನಾಳಿ ಮತ್ತ ಕೇಳಿದ್ರೂ ನನ್ನ ಬಾಯಾಗ ಹ್ಞೂಂ ಬರಂಗಿಲ್ಲ. ಇದಕ್ಕ ಏನು ಅಂತಾರೋ ನನಗ ಗೊತ್ತಿಲ್ಲ."

 ಏರಿನಲ್ಲಿ ಅವನ ಕಾಲು ಎಳೆಯುತ್ತಿತ್ತು. ಅವಳು ತನ್ನ ನಡಿಗೆ ತಗ್ಗಿಸಿ ಅವನ ಸರಿಸಮ ಬಂದಳು.

ಮನೆಗೆ ಬಂದ ಮೇಲೆ ಅಯ್ಯಮ್ಮ ಗೋಡೆಗೆ ಮುಖ ಮಾಡಿ ಕೂತಳು. ಅರ್ಧ ನಾದಿದ ಹಿಟ್ಟು ಹಾಗೇ ಒಣಗಿತ್ತು. ಸುಂದ್ರಮ್ಮ ಏಳಹೋದಾಗ ಮರಿಲಿಂಗಪ್ಪ ಬೇಡವೆಂದು, ತಾನೇ ಹಿಟ್ಟಿಗೆ ನೀರು ಹಾಕಿ ನಾದಿ, ಒಲೆಯ ಮುಂದೆ ಮಡಿಸಲು ಬಾರದ ಕಾಲನ್ನು ಉದ್ದಕ್ಕೆ ಚಾಚಿ, ರೊಟ್ಟಿ ಬಡಿಯತೊಡಗಿದ. ಅಂಚು ಒಡೆದ ದಪ್ಪ ರೊಟ್ಟಿಗಳು. ಎರಡು ರೊಟ್ಟಿಯಾದ ಮೇಲೆ ಅವಳು ಎದ್ದು ಬಂದು, ತವೆಯ ಮೇಲಿನದನ್ನು ತಿರುವಿ ಹಾಕಿದಳು.